ರಂಗಶಾಲೆಯ ಆಯ್ಕೆಗೆ ಹೊರಟ ಮಕ್ಕಳಿಗೆ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಪರಿಸರದ ಹಳ್ಳಿಗಳಿಗೆ ನಾಟಕ ಹೊಸದಲ್ಲ. ಹಗಲೆಲ್ಲ ಕಬ್ಬಿನ ಹೊಲದಲ್ಲಿ ದುಡಿದ ತರುಣರು ರಾತ್ರಿ ಪೇಟಿ ಮಾಸ್ತರರ ಎದುರು ತಾಲೀಮು ಮಾಡಿ, ಜಾತ್ರೆಯಲ್ಲಿ ಬಣ್ಣ ಹಚ್ಚುವುದು ನಮ್ಮ ರೂಢಿ. ಅವರಲ್ಲಿ ಒಬ್ಬಿಬ್ಬರು ಊರವರ ಮೆಚ್ಚುಗೆಯಿಂದ ಹುರುಪುಗೊಂಡು ರಂಗಶಿಕ್ಷಣ ಸಂಸ್ಥೆಯ ಸಂದರ್ಶನಕ್ಕೆ ಹೋಗುತ್ತಾರೆ. ಆಯ್ಕೆಯಾಗದೆ ಮರಳಿ, ಮುಂದೆ ನಾಟಕದ ಹೆಸರನ್ನೇ ಎತ್ತದವರೂ ಉಂಟು. ಬಹುಮಟ್ಟಿಗೆ ಇದು ಪ್ರತಿಭೆಯ ಕೊರತೆಯಲ್ಲ, ಸಿದ್ಧತೆಯ ಕೊರತೆ.

ಈ ನೆಲಕ್ಕೆ ರಂಗಭೂಮಿಯ ನಂಟು ಹಳೆಯದು. ಕಾಗವಾಡಕ್ಕೆ ಸಮೀಪದ ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿಸಿದರು, ಅದಕ್ಕೆ ಪ್ರೇರಣೆಯಾದದ್ದು ಉತ್ತರ ಕನ್ನಡದಿಂದ ಅಲ್ಲಿಗೆ ಬಂದಿದ್ದ ಭಾಗವತರ ಮೇಳ. ನಮ್ಮ ಜಿಲ್ಲೆಯವರೇ ಆದ ಏಣಗಿ ಬಾಳಪ್ಪನವರು ಬಾಲ್ಯದಲ್ಲಿ ಸ್ತ್ರೀಪಾತ್ರ ಮಾಡುತ್ತ ಬೆಳೆದು, ‘ಜಗಜ್ಯೋತಿ ಬಸವೇಶ್ವರ’ದ ಬಸವಣ್ಣನಾಗಿ ಮನೆಮಾತಾದರು. ಅಂದಿನ ಕಂಪನಿಗಳಲ್ಲಿ ಹುಡುಗರ ಪರೀಕ್ಷೆ ಸರಳವಾಗಿತ್ತು: ಶ್ರುತಿಗೆ ಕಂಠ ಕೂಡುವುದೆ, ಮಾತು ಕೊನೆಯ ಸಾಲಿಗೆ ಮುಟ್ಟುವುದೆ ಎಂದು ನೋಡುತ್ತಿದ್ದರು. ಮಿಕ್ಕದ್ದನ್ನು ಕಂಪನಿಯೇ ಕಲಿಸುತ್ತಿತ್ತು.

ಇಂದು ಆ ಕೆಲಸವನ್ನು ರಂಗಶಾಲೆಗಳು ಮಾಡುತ್ತಿವೆ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಸಾಣೇಹಳ್ಳಿಯ ಶ್ರೀಮಠದ ಆಶ್ರಯದಲ್ಲಿ 1997ರಿಂದ ‘ಶಿವಸಂಚಾರ’ ಊರೂರು ತಿರುಗಿತು. 2008ರಲ್ಲಿ ಅಲ್ಲಿ ರಂಗಪ್ರಯೋಗ ಶಾಲೆಯೂ ಆರಂಭವಾಯಿತು. ಇಂಥ ಕಡೆ ಪರೀಕ್ಷಕರು ಪೂರ್ಣಗೊಂಡ ನಟನನ್ನು ಹುಡುಕುವುದಿಲ್ಲ; ಕಲಿಯಬಲ್ಲವನನ್ನು ಹುಡುಕುತ್ತಾರೆ. ಈ ಭೇದವನ್ನು ಅರಿತರೆ ಅರ್ಧ ಸಿದ್ಧತೆ ಮುಗಿದಂತೆ.

ಮೊದಲನೆಯದು ಭಾಗದ ಆಯ್ಕೆ. ಎರಡು ಮೂರು ನಿಮಿಷದ ಎರಡು ಭಾಗಗಳನ್ನು ಕಂಠಪಾಠ ಮಾಡಬೇಕು. ಒಂದು ಗಂಭೀರ, ಇನ್ನೊಂದು ಹಗುರ. ಅಬ್ಬರದ ರಾಜನ ಪಾತ್ರವೇ ಬೇಕೆಂಬ ಹಟ ಬೇಡ. ಇಪ್ಪತ್ತರ ಹರೆಯಕ್ಕೆ ಒಪ್ಪುವ ಪಾತ್ರ ಲೇಸು. ಆಯ್ದ ಭಾಗವಷ್ಟನ್ನೇ ಅಲ್ಲ, ನಾಟಕವನ್ನು ಪೂರ್ತಿ ಓದಿರಬೇಕು. ಈ ಪಾತ್ರ ಈ ಮಾತನ್ನು ಯಾರಿಗೆ, ಏಕೆ ಹೇಳುತ್ತದೆ ಎಂದು ಕೇಳಿದರೆ ಉತ್ತರ ಬಾಯಲ್ಲಿರಬೇಕು. ಸಿನಿಮಾ ನಟರ ಅನುಕರಣೆ ಸರ್ವಥಾ ಸಲ್ಲದು.

ಎರಡನೆಯದು ಧ್ವನಿ. ಜಾತ್ರೆಯ ಮೈಕು ನಮ್ಮ ಹುಡುಗರ ಉಸಿರನ್ನು ಸೋಮಾರಿಯಾಗಿಸಿದೆ. ಬೆಳಗಿನಲ್ಲಿ ಹೊಲದ ಬದುವಿನ ಮೇಲೆ ನಿಂತು, ಐವತ್ತು ಹೆಜ್ಜೆ ದೂರದ ಗೆಳೆಯನಿಗೆ ಕೂಗದೆ, ಗಂಟಲು ಬಿಗಿಯದೆ ಮಾತು ಮುಟ್ಟಿಸುವ ಅಭ್ಯಾಸ ಮಾಡಿರಿ. ವಚನಗಳನ್ನು ಗಟ್ಟಿಯಾಗಿ ಓದುವುದು ಇದಕ್ಕೆ ಉತ್ತಮ ಸಾಧನ. ಅಲ್ಲಿ ವಾಕ್ಯ ಚಿಕ್ಕದು, ಅರ್ಥ ನೇರ; ಎಲ್ಲಿ ನಿಲ್ಲಬೇಕು, ಎಲ್ಲಿ ಒತ್ತಬೇಕು ಎಂಬುದನ್ನು ಅವು ತಾವೇ ಕಲಿಸುತ್ತವೆ.

ಮೂರನೆಯದು ಭಾಷೆ. ಗಡಿಭಾಗದ ಮಕ್ಕಳಿಗೆ ಇದೇ ದೊಡ್ಡ ಅಳುಕು. ಮರಾಠಿ ಶಾಲೆಯಲ್ಲಿ ಓದಿದವರಿಗೆ ಎ–ಏ, ಒ–ಓ ಭೇದ ಜಾರುವುದುಂಟು. ಮರಾಠಿ ಬರಹದಲ್ಲಿ ಇವಕ್ಕೆ ಬೇರೆ ಬೇರೆ ಅಕ್ಷರಗಳಿಲ್ಲ. ‘ಕೊಡು’ ಎಂಬುದು ‘ಕೋಡು’ ಆದರೆ ಅರ್ಥವೇ ಕೆಡುತ್ತದೆ. ದಿನಕ್ಕೊಂದು ಪುಟ ಕನ್ನಡವನ್ನು ಹಿರಿಯರ ಎದುರು ಓದಿ ಇದನ್ನು ತಿದ್ದಿಕೊಳ್ಳಬಹುದು. ಆದರೆ ಉಚ್ಚಾರವನ್ನು ತಿದ್ದುವುದು ಬೇರೆ, ಮನೆಯ ಮಾತಿಗೆ ನಾಚುವುದು ಬೇರೆ. ನಮ್ಮ ನೆರೆಯ ಹುಕ್ಕೇರಿ ಸೀಮೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ಈ ಮಣ್ಣಿನ ಮಾತಿನಲ್ಲಿಯೇ ‘ಜೋಕುಮಾರಸ್ವಾಮಿ’ಯನ್ನು ಬರೆದರು, ಬಿ.ವಿ. ಕಾರಂತರು ಅದನ್ನು ರಂಗಕ್ಕೆ ತಂದರು. 2010ನೆಯ ಸಾಲಿನ ಜ್ಞಾನಪೀಠ ಕಂಬಾರರಿಗೆ ಸಂದಿತು. ಗ್ರಾಂಥಿಕ ಕನ್ನಡವನ್ನೂ ಅಥಣಿಯ ಆಡುಮಾತನ್ನೂ ಬೇಕಾದಾಗ ಬೇಕಾದಂತೆ ಆಡಬಲ್ಲವನಿಗೆ ಎರಡು ಕೈ ಇದ್ದಂತೆ. ಒಂದನ್ನು ತಾನೇ ಕಡಿದುಕೊಳ್ಳಬೇಕಿಲ್ಲ.

ನಾಲ್ಕನೆಯದು ಕೇಳುವ ಗುಣ. ಪರೀಕ್ಷಕರು ನಡುವೆ ತಡೆದು, “ಇದೇ ಮಾತನ್ನು ಮಲಗಿದ ಮಗುವಿನ ಪಕ್ಕದಲ್ಲಿ ಹೇಳು” ಎನ್ನಬಹುದು. ಕಲಿತ ಪಾಠ ಕೆಟ್ಟಿತೆಂದು ಬೆದರುವವನು ಅಲ್ಲಿಯೇ ಸೋಲುತ್ತಾನೆ. ಆದಷ್ಟು ಮಾಡಿ ನೋಡುವವನು ಅವರ ಕಣ್ಣಿಗೆ ಬೀಳುತ್ತಾನೆ. ಹಾಡು, ಹಲಗೆ, ಕರಡಿಮಜಲು, ಪಾರಿಜಾತದ ಪದ ಯಾವುದು ಬಂದರೂ ಸಂಕೋಚವಿಲ್ಲದೆ ಹೇಳಿರಿ. ಬಾರದ್ದನ್ನು ಬರುತ್ತದೆ ಎನ್ನಬೇಡಿರಿ. ದೂರದ ಪ್ರಯಾಣವಾದ್ದರಿಂದ ಹಿಂದಿನ ದಿನವೇ ತಲುಪಿ, ನಿದ್ರೆ ಮಾಡಿ, ಸಡಿಲವಾದ ಸಾದಾ ಉಡುಪಿನಲ್ಲಿ ಹೋಗಿರಿ. ಆಯ್ಕೆ ಮಾಡಿಸಿಕೊಡುವೆನೆಂದು ಹಣ ಕೇಳುವ ಮಧ್ಯಸ್ಥರನ್ನು ದೂರವಿಡಿರಿ.

ಇನ್ನು ತಂದೆತಾಯಿಗಳಿಗೆ ಎರಡು ಮಾತು. ಮರ್ಯಾದಸ್ಥರ ಮನೆಗೆ ಬಣ್ಣ ಸಲ್ಲದೆಂಬ ಭಾವನೆ ಇನ್ನೂ ಅಲ್ಲಲ್ಲಿ ಉಳಿದಿದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇಮ್ಮಡಿ. ಶರಣರ ಸಾಲಿನಲ್ಲಿ ಬಹುರೂಪಿ ಚೌಡಯ್ಯನವರು ತಮ್ಮ ಕಾಯಕದ ಹೆಸರಿನಿಂದಲೇ ಪೂಜ್ಯರಾದರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿಯಲ್ಲಿ ಕಣ್ಣಿಲ್ಲದ ಮಕ್ಕಳು ಪಾತ್ರ ಮಾಡಿ ಅನ್ನ ಗಳಿಸಿದರು; ಪುಟ್ಟರಾಜ ಗವಾಯಿಗಳು ಅದಕ್ಕಾಗಿ ನಾಟಕಗಳನ್ನು ಬರೆದರು. ಇದನ್ನು ನೆನೆದಾಗ ಕಲೆಯನ್ನು ಹೀನವೆನ್ನಲು ನಾಲಗೆ ಏಳದು. ಆದರೆ ಜೀವನೋಪಾಯದ ಚಿಂತೆ ಸಹಜವಾದುದೇ. ನಾಟಕದಿಂದ ಬರುವ ಆದಾಯ ಅನಿಶ್ಚಿತವೆಂದು ಮಗನಿಗೂ ಮಗಳಿಗೂ ಮುಚ್ಚುಮರೆಯಿಲ್ಲದೆ ಹೇಳಿರಿ. ಹೇಳಿದ ಮೇಲೂ ಅವರ ಮನಸ್ಸು ಗಟ್ಟಿಯಾಗಿದ್ದರೆ ಕಳುಹಿಸಿಕೊಡಿರಿ. ಮೊದಲ ಸಲ ಜೊತೆಗೆ ಹೋಗಿ, ಸಂಸ್ಥೆಯ ವಸತಿಯನ್ನೂ ಶಿಸ್ತನ್ನೂ ಕಣ್ಣಾರೆ ನೋಡಿ ಬರುವುದು ಒಳಿತು.

ಆಯ್ಕೆಯಾಗದಿದ್ದರೆ ಎದೆಗುಂದಬೇಕಿಲ್ಲ. ಇರುವ ಸ್ಥಾನಗಳು ಕೆಲವು, ಬರುವವರು ಹಲವರು. ಎಲ್ಲಿ ತಡವರಿಸಿದೆನೆಂದು ಅಂದೇ ಬರೆದಿಟ್ಟು, ವರ್ಷವಿಡೀ ಅದನ್ನು ತಿದ್ದಿಕೊಂಡು ಮತ್ತೆ ಹೋಗಬಹುದು. ಅಷ್ಟರಲ್ಲಿ ಊರ ಜಾತ್ರೆಯ ನಾಟಕ ಬರುತ್ತದೆ. ಈ ಸಲ ಮೈಕಿಲ್ಲದೆ ತಾಲೀಮು ಮಾಡಿರಿ. ಊರವರೇ ವ್ಯತ್ಯಾಸವನ್ನು ಹೇಳುತ್ತಾರೆ.