ಜಾಲರಿ ಬೇಲಿ ತಡೆಯುವುದು ಯಾರನ್ನು?

ಹುಣಸೂರಿನಿಂದ ನಾಗರಹೊಳೆಯತ್ತ ಸಾಗುವ ದಾರಿಯ ಇಕ್ಕೆಲಗಳಲ್ಲಿ, ಪಿರಿಯಾಪಟ್ಟಣದ ಕೆಮ್ಮಣ್ಣಿನ ದಿಣ್ಣೆಗಳ ಮೇಲೆ, ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರಿನ ಅಂಚಿನಲ್ಲಿ, ಕಾಡಿನಿಂದ ದೂರವಿರುವ ಕೃಷ್ಣರಾಜನಗರದ ನಾಲೆಬಯಲಿನಲ್ಲಿಯೂ ಸಹ, ಇಂದು ಒಂದೇ ಬಗೆಯ ನೋಟ ಕಾಣತೊಡಗಿದೆ. ಸಾಲಾಗಿ ನಿಂತ ಸಿಮೆಂಟ್ ಕಂಬಗಳು, ಅವುಗಳ ನಡುವೆ ಬಿಗಿದ ಚೈನ್‌ಲಿಂಕ್ ಜಾಲರಿ. ತನ್ನ ಬೆಳೆಗೆ ಬೇಲಿ ಹಾಕಿಕೊಳ್ಳುವುದು ಬೇಸಾಯಗಾರನ ಹಕ್ಕು. ಅದನ್ನು ಪ್ರಶ್ನಿಸುವವರು ಒಂದು ರಾತ್ರಿಯನ್ನಾದರೂ ರಾಗಿ ಹೊಲದ ಅಟ್ಟಣೆಯ ಮೇಲೆ ಕಳೆದಿರಬೇಕು. ಆದರೆ ಈ ಬೇಲಿ ಯಾವುದನ್ನು ತಡೆಯುತ್ತದೆ, ಯಾವುದನ್ನು ತಡೆಯುವುದಿಲ್ಲ ಎಂಬ ಲೆಕ್ಕವನ್ನು ಮಾತ್ರ ಯಾರೂ ಹಾಕುತ್ತಿಲ್ಲ.

ಲೆಕ್ಕ ಕಷ್ಟದ್ದೇನೂ ಅಲ್ಲ. ನವಿಲು ಹಾರಿ ಬರುತ್ತದೆ. ಚಿರತೆ ಏರಿ ಬರುತ್ತದೆ. ಕಾಡುಹಂದಿ ಜಾಲರಿಯ ಬುಡವನ್ನು ತೋಡಿ ಬರುತ್ತದೆ. ಆನೆ ಉರುಳಿಸಿ ಬರುತ್ತದೆ. ಬಾರದೆ ಉಳಿಯುವವು ಮೊಲ, ಆಮೆ, ಉಡ, ಮುಂಗುಸಿ, ಊರ ದನ, ಮತ್ತು ನೆರೆಹೊಲದವರು. ಇಲಿ ಹೆಗ್ಗಣಗಳನ್ನು ಹಿಡಿದು ತಿನ್ನುವ ಮುಂಗುಸಿ, ನರಿ, ಕಾಡುಬೆಕ್ಕುಗಳನ್ನು ಹೊರಗಿಟ್ಟು, ಅದೇ ಇಲಿಗಳಿಗಾಗಿ ಅಂಗಡಿಯಿಂದ ವಿಷ ತರುವ ಹೊಲಗಳು ಇಂದು ಅಪರೂಪವಲ್ಲ.

ಬೇಲಿಯ ಕೆಲಸವನ್ನೇ ತೆಗೆದುಕೊಳ್ಳೋಣ. ಏಳು ಅಡಿಯ ಕಂಬದಲ್ಲಿ ಎರಡಡಿಯಾದರೂ ನೆಲದೊಳಗಿರಬೇಕು, ಎಂಟು ಹತ್ತು ಅಡಿಗೊಂದು ಕಂಬ, ಮೂಲೆಗಳಲ್ಲಿಯೂ ಬೇಲಿ ತಿರುಗುವಲ್ಲಿಯೂ ಓರೆಯಾಗಿ ಆತು ನಿಲ್ಲುವ ಆಸರೆ ಕಂಬ, ಗುಂಡಿಗೆ ಜಲ್ಲಿ ಕಾಂಕ್ರೀಟು, ಮೇಲೆ, ನಡುವೆ, ಕೆಳಗೆ ಎಳೆದು ಬಿಗಿದ ತಂತಿ, ಅದಕ್ಕೆ ಜಾಲರಿ. ಎರಕ ಹೊಯ್ದ ಕಂಬಕ್ಕೆ ಎರಡು ಮೂರು ವಾರ ನೀರುಣಿಸದೆ ಲಾರಿಗೇರಿಸಿದರೆ ಅದು ಹೊಲ ತಲುಪುವ ಮೊದಲೇ ಬಿರುಕು ಬಿಟ್ಟಿರುತ್ತದೆ. ಆಸರೆ ಕಂಬದ ಹಣ ಉಳಿಸಿದವನ ಬೇಲಿ ಮೊದಲ ಮುಂಗಾರಿನಲ್ಲಿಯೇ ವಾಲುತ್ತದೆ. ನಾಲೆಯ ಕೆಳಗಿನ ಗದ್ದೆಯ ಮೆದುಮಣ್ಣಿನಲ್ಲಂತೂ ಇನ್ನೂ ಬೇಗ. ಇಷ್ಟೆಲ್ಲ ಸರಿಯಾಗಿ ಮಾಡಿದರೂ, ಕಾಂಕ್ರೀಟು ಭಾರವನ್ನು ಹೊರಬಲ್ಲುದೇ ಹೊರತು ಪಕ್ಕದಿಂದ ಬೀಳುವ ಒತ್ತನ್ನು ತಾಳಲಾರದು. ಆನೆ ಎದೆಗೊಟ್ಟು ನೂಕಿದರೆ ಕಂಬ ನೆಲಮಟ್ಟದಲ್ಲಿ ಮುರಿಯುತ್ತದೆ, ಒಳಗಿನ ಕಬ್ಬಿಣದ ಸರಳು ಬಾಗುತ್ತದೆ. ಬಿಗಿದ ತಂತಿ ಅಕ್ಕಪಕ್ಕದ ಕಂಬಗಳನ್ನೂ ತನ್ನೊಡನೆ ಎಳೆದುಕೊಳ್ಳುತ್ತದೆ. ವರ್ಷಗಳ ಉಳಿತಾಯವನ್ನು ಬೇಲಿಗೆ ಹೂಡಿದವನಿಗೆ ಬೆಳಗ್ಗೆ ಸಿಗುವುದು ಮುದ್ದೆಯಾದ ಜಾಲರಿ.

ಪ್ರತಿ ಬೇಲಿಯನ್ನೂ ಆನೆ ಮುರಿಯುತ್ತದೆಂದಲ್ಲ. ವಿಷಯದ ತಿರುಳಿರುವುದು ಇಲ್ಲಿಯೇ. ಮುರಿಯಲಾರದೆ ಅಲ್ಲ, ಸುಲಭವಾದ ದಾರಿ ಪಕ್ಕದಲ್ಲಿಯೇ ಇದೆಯೆಂಬ ಕಾರಣಕ್ಕೆ ಅದು ಬಹಳ ಸಲ ಬೇಲಿಯ ಗುಂಟ ನಡೆದು, ಬೇಲಿ ಮುಗಿದೆಡೆಯಲ್ಲಿ ಒಳನುಗ್ಗುತ್ತದೆ. ಬೇಲಿ ಮುಗಿಯುವುದು ಎಲ್ಲಿ? ಹಣ ಮುಗಿಯುವಲ್ಲಿ. ಹತ್ತೆಕರೆಯ ತೋಟದವನು ಜಾಲರಿ ಹಾಕಿದರೆ, ಅವನ ಪಾಲಿನ ಆನೆಯೂ ಮಗ್ಗುಲಿನ ಎರಡೆಕರೆಯ ರಾಗಿಯವನ ಪಾಲಿಗೆ ಸೇರುತ್ತದೆ. ಆ ರಾಗಿಯವನು ಸಾಲ ಮಾಡಿ ಬೇಲಿ ಹಾಕಿದರೆ ಸರದಿ ಅವನಾಚೆಯ ಹಾಡಿಯ ಜೇನುಕುರುಬರ ತುಂಡುಭೂಮಿಯದು. ಹೀಗೆ ಬೇಲಿಯು ಕಾಡಾನೆಯ ಹಾವಳಿಯನ್ನು ಕಡಿಮೆ ಮಾಡುವುದಿಲ್ಲ, ಬಡವನ ಕಡೆಗೆ ಸಾಗಿಸುತ್ತದೆ. ಕಡೆಯಲ್ಲಿ ಏನೂ ಇಲ್ಲದವನು ತಂತಿಗೆ ಮನೆಯ ಕರೆಂಟನ್ನೇ ಕೊಡುತ್ತಾನೆ, ಅಪರಾಧಿಯೂ ಆಗುತ್ತಾನೆ. ಹಂದಿಗೆಂದು ಬೇಲಿಯ ಬುಡದಲ್ಲಿ ಒಡ್ಡಿದ ಉರುಳು ಹಂದಿಯನ್ನಷ್ಟೇ ಹಿಡಿಯುವುದಿಲ್ಲ. ಚಿರತೆ, ಹುಲಿಗಳಿಗೂ ಅದು ಕೊರಳ ಕುಣಿಕೆಯಾಗಿದೆ.

ಸರ್ಕಾರದ ಬೇಲಿಗಳಾದರೂ ಪಾಠ ಕಲಿಸಿವೆಯೇ? ಕಾಡಂಚಿನ ಕಂದಕಗಳು ಮಳೆಗೆ ಕುಸಿದವು. ಸೌರಬೇಲಿಯ ತಂತಿಯನ್ನು ದಂತದಿಂದ ತಳ್ಳಿದರೆ ಏಟು ತಗಲದೆಂಬುದನ್ನು ಆನೆಗಳು ಅರಿತವು. ಒಣಮರವನ್ನು ಅದರ ಮೇಲೆ ಕೆಡವಲೂ ಕಲಿತವು. ಬಳಿಕ ಬಂದದ್ದು ಹಳೆಯ ರೈಲುಹಳಿಗಳ ತಡೆಗೋಡೆ; ಕಿಲೋಮೀಟರಿಗೆ ಒಂದು ಕೋಟಿ ರೂಪಾಯಿಗೂ ಮೀರಿದ ವೆಚ್ಚ. ಚೆನ್ನಾಗಿ ಕಟ್ಟಿದ ಕಡೆ ಅದು ಫಲ ಕೊಟ್ಟಿತೆಂಬುದನ್ನು ಒಪ್ಪಬೇಕು. ಆದರೆ 2018ರ ಡಿಸೆಂಬರಿನಲ್ಲಿ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯ ಬಳಿ ಹೊಲದಿಂದ ಕಾಡಿಗೆ ಮರಳುತ್ತಿದ್ದ ಗಂಡಾನೆಯೊಂದು ಈ ಹಳಿಯನ್ನು ದಾಟಲು ಹೋಗಿ, ಅದರ ಮೇಲೆಯೇ ಸಿಲುಕಿ ಪ್ರಾಣ ಬಿಟ್ಟಿತು. ಒಳಬರಲು ಎಲ್ಲಿಯೋ ಸಂದು ಕಂಡಿದ್ದ ಪ್ರಾಣಿಗೆ ಹೊರಹೋಗುವ ದಾರಿ ಕಾಣಲಿಲ್ಲ. ಅರೆಬರೆ ಬೇಲಿಯ ಅಪಾಯವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಘಟನೆ ಬೇಕಿಲ್ಲ.

ರಾಜ್ಯದ ಉಚ್ಚ ನ್ಯಾಯಾಲಯದ ಆದೇಶದಂತೆ ರಚನೆಯಾಗಿ, ಪ್ರೊಫೆಸರ್ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ 2012ರಲ್ಲಿ ವರದಿ ಸಲ್ಲಿಸಿದ ಆನೆ ಕಾರ್ಯಪಡೆಯು ಆನೆಗಳನ್ನು ಸಂರಕ್ಷಿಸಬೇಕಾದ, ಆನೆಯೂ ಮನುಷ್ಯನೂ ಕೂಡಿ ಬಾಳಬೇಕಾದ ಹಾಗೂ ಆನೆಗಳನ್ನು ತೆಗೆಯಬೇಕಾದ ವಲಯಗಳೆಂದು ನೆಲವನ್ನು ವಿಂಗಡಿಸಿತ್ತು. ಸರ್ವೆ ನಂಬರಿನ ಅಳತೆಯಲ್ಲಿ ಬಿಡಿಸಲಾಗದ ಪ್ರಶ್ನೆಯಿದು ಎಂಬುದೇ ಆ ವಿಂಗಡಣೆಯ ಅರ್ಥ. 2023ರ ಗಣತಿಯಂತೆ ರಾಜ್ಯದ ಆನೆಗಳ ಸಂಖ್ಯೆ 6,395. ದೇಶದಲ್ಲಿಯೇ ಅತಿ ಹೆಚ್ಚು. ಬೇಲಿಗಳು ಮಾತ್ರ ಇಂದಿಗೂ ಸರ್ವೆ ನಂಬರಿನ ಅಳತೆಯಲ್ಲಿಯೇ ಏಳುತ್ತಿವೆ.

ಈ ಸೀಮೆಗೆ ಬೇಲಿ ಹೊಸದಲ್ಲ. ಕಲ್ಲುಕೂಚ ನೆಟ್ಟು ಮುಳ್ಳುತಂತಿ ಎಳೆಯುವುದಕ್ಕೂ ಮುಂಚೆ ಬದುವಿನ ಮೇಲೆ ಕತ್ತಾಳೆ, ಕಳ್ಳಿ, ಲಕ್ಕಿ, ಸೀಗೆ ಇದ್ದವು. ಕತ್ತಾಳೆಯಿಂದ ಹಗ್ಗ, ಸೀಗೆಯಿಂದ ತಲೆಗೆ ಪುಡಿ, ಹೊಂಗೆಯಿಂದ ದೀಪಕ್ಕೆ ಎಣ್ಣೆ. ಆನೆಯನ್ನು ಅದೂ ತಡೆಯುತ್ತಿರಲಿಲ್ಲ. ಆದರೆ ಆನೆ ತುಳಿದರೆ ಮತ್ತೆ ಚಿಗುರುತ್ತಿತ್ತು. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳಿಗಂತೂ ದನ ಮೇಯದ ಬೆಳೆಯೆಂಬ ಕಾರಣಕ್ಕೆ ಬೇಲಿಯ ಚಿಂತೆಯೇ ಕಡಿಮೆಯಿತ್ತು. (ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳು ನುಂಗಿದ ಸೌದೆಯ ಕಥೆ ಬೇರೆ.) ಹೊಗೆಸೊಪ್ಪು ಬಿಟ್ಟು ಬಾಳೆ, ತೆಂಗು, ತರಕಾರಿಗಳತ್ತ ಹೊರಳಿದ ರೈತನಿಗೆ ಬೇಲಿ ಬೇಕೆನಿಸುವುದು ಸಹಜವೇ.

ಸಹಜವಲ್ಲದ್ದು ಇನ್ನೊಂದು ಬಗೆಯ ಬೇಲಿ. 2020ರ ಭೂಸುಧಾರಣಾ ತಿದ್ದುಪಡಿಯು 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ಬೇಸಾಯಗಾರರಲ್ಲದವರಿಗೂ ಕೃಷಿಭೂಮಿಯ ಬಾಗಿಲು ತೆರೆಯಿತು. ದೂರದೂರಿನ ಒಡೆಯ ಮೊದಲು ಕೊಳ್ಳುವುದು ಭೂಮಿಯನ್ನು, ಎರಡನೆಯದಾಗಿ ಜಾಲರಿಯನ್ನು. ಉಳುಮೆಯ ಮಾತು ಆಮೇಲೆ, ಬಂದರೆ. ಹಿಂದಿನವರು ಬಿಟ್ಟುಕೊಟ್ಟಿದ್ದ ಗಾಡಿದಾರಿ, ಕೆರೆಗೆ ದನ ಹೊಡೆದುಕೊಂಡು ಹೋಗುವ ಓಣಿ, ಹೆಣ ಒಯ್ಯುವ ದಾರಿ ಎಲ್ಲವೂ ಒಂದು ಬೆಳಗಿನಲ್ಲಿ ಮುಚ್ಚಿಹೋಗುತ್ತವೆ. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಹಕ್ಕೆಂದೇ ನಡೆದ ದಾರಿಗೆ 1882ರ ಕಾಯಿದೆಯಲ್ಲಿಯೇ ರಕ್ಷಣೆಯುಂಟು; ಆದರೆ ಕುರಿ ಕಾಯುವವಳು ನ್ಯಾಯಾಲಯದ ಮೆಟ್ಟಿಲೇರಿ ಅದನ್ನು ಸಾಧಿಸಬೇಕು. ಕಬಿನಿಯ ದಡದಲ್ಲಿ ಬೇಲಿಯೆಂದರೆ ನೀರಿಗೇ ಬೇಲಿ. 1974ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರಿಗೆ ಬೇಸಿಗೆಯಲ್ಲಿ ಆನೆಗಳ ಹಿಂಡೇ ಇಳಿದು ಬರುತ್ತದೆ. ಊರ ದನಗಳೂ ಅಲ್ಲಿಗೇ ಬರಬೇಕು. ಸೂಕ್ಷ್ಮ ವಲಯಗಳಲ್ಲಿ ಹೋಟೆಲು, ವಸತಿಗೃಹಗಳ ಬೇಲಿಯನ್ನು ನಿಯಂತ್ರಿಸಬೇಕೆಂದು ಕೇಂದ್ರದ 2011ರ ಮಾರ್ಗಸೂಚಿಯೇ ಹೇಳಿದೆ. ಅದನ್ನು ಓದಿಸುವ ಕೆಲಸ ಪಂಚಾಯಿತಿಗಳದು.

ಮಳೆಯ ಮಾತನ್ನೂ ಮರೆಯಬಾರದು. ಹಂದಿ ತೋಡದಿರಲೆಂದು ಜಾಲರಿಯ ಬುಡಕ್ಕೆ ಕಾಂಕ್ರೀಟಿನ ಪಟ್ಟಿ ಹಾಕುವುದು ಈಗಿನ ರೂಢಿ. ಇಳಿಜಾರಿನ ನೀರು ತರಗೆಲೆ, ರಾಗಿಕೂಳೆಗಳನ್ನು ತಂದು ಜಾಲರಿಗೆ ಒಟ್ಟುತ್ತದೆ, ಬೇಲಿ ಒಡ್ಡಾಗುತ್ತದೆ, ಕಡೆಗೆ ಒಡೆಯುವುದು ಕೆಳಗಿನವನ ಬದು.

ಹಾಗಾದರೆ ರೈತ ಮಾಡಬೇಕಾದದ್ದೇನು? ಕಾಡಂಚಿನಲ್ಲಿ ಒಬ್ಬೊಬ್ಬನ ಬೇಲಿಗೆ ನೆರವು ಹಂಚುವ ಬದಲು, ಇಡೀ ಊರನ್ನು ಸುತ್ತುವ ಒಂದು ಬೇಲಿಗೆ ಆ ಹಣ ಸಲ್ಲಬೇಕು. ತಂತಿಗೆ ತಾಕುವ ಬಳ್ಳಿ ಸವರುವ, ಬ್ಯಾಟರಿ ನೋಡಿಕೊಳ್ಳುವ ಸರದಿ ಊರಿನದೇ ಆಗಬೇಕು. ಕಾಡಿನಿಂದ ದೂರದ ಕೃಷ್ಣರಾಜನಗರದಂತಹ ಕಡೆ ಜಾಲರಿಯೇ ಬೇಕೆನ್ನುವವರು ಮೊದಲು ಹದ್ದುಬಸ್ತಿಗೆ ಅರ್ಜಿ ಹಾಕಿ, ಭೂಮಾಪಕರ ಎದುರಿನಲ್ಲಿ ಗ್ರಾಮನಕ್ಷೆಯ ದಾರಿಗಳನ್ನು ನೆರೆಯವರೊಡನೆ ಗುರುತಿಸಿಕೊಳ್ಳಲಿ. ನೀರು ಹರಿಯುವ ತಗ್ಗುಗಳಲ್ಲಿ ಬುಡವನ್ನು ತೆರೆದಿಡಲಿ. ಮೊಲ, ಮುಂಗುಸಿಗಳಿಗೂ ಅದೇ ಬಾಗಿಲಾದೀತು. ಮುಂಗಾರು ಹಿಡಿದ ಮೇಲೆ ಜಾಲರಿಯ ಒಳಬದಿಗೆ ಗೊಬ್ಬರದ ಗಿಡದ ಗೂಟಗಳನ್ನೂ ಕತ್ತಾಳೆಯ ಮರಿಗಳನ್ನೂ ಒತ್ತಾಗಿ ನೆಡಬಹುದು. ತಂತಿಗೆ ತುಕ್ಕು ಹಿಡಿಯುವ ಹೊತ್ತಿಗೆ ಗಿಡಗಳು ಬೇಲಿಯಾಗಿ ನಿಂತಿರುತ್ತವೆ. ಸಿಮೆಂಟ್ ಕಂಬಗಳನ್ನು ಕಿತ್ತು ದನದ ಕೊಟ್ಟಿಗೆಗೆ ಬಳಸಬಹುದು.