ಚಾಳೀಸಿನ ನಂಬರನ್ನು ನಾವೇ ಏಕೆ ಅಳೆಯಬಾರದು?

ಗದಗಿನ ಸೀಮೆಯಲ್ಲಿ ಕನ್ನಡಕಕ್ಕೆ ಚಾಳೀಸು ಎಂಬ ಹೆಸರುಂಟು. ಮರಾಠಿಯಲ್ಲಿ ನಲವತ್ತಕ್ಕೆ ಚಾಳೀಸ್ ಎನ್ನುತ್ತಾರೆ. ಆ ವಯಸ್ಸಿಗೆ ಹತ್ತಿರದ ಅಕ್ಷರ ಮಸುಕಾಗುವುದರಿಂದ ವಯಸ್ಸಿನ ಹೆಸರೇ ವಸ್ತುವಿಗೂ ಅಂಟಿಕೊಂಡಿತು. ಡಂಬಳದ ಮನೆಗಳಲ್ಲಿ ಚಾಳೀಸಿಗೆ ಬರವಿಲ್ಲ. ಅದರ ನಂಬರೆಷ್ಟೆಂದು ಕೇಳಿದರೆ ಮಾತ್ರ ಚೀಟಿ ಕಳೆದುಹೋಯಿತೆಂಬ ಉತ್ತರ ಬರುತ್ತದೆ. ತೀರಿಕೊಂಡ ಅಜ್ಜನ ಚಾಳೀಸನ್ನು ಅಜ್ಜಿ ಏರಿಸಿಕೊಳ್ಳುವುದೂ, ಜಾತ್ರೆಯಲ್ಲಿ ಒಂದೊಂದಾಗಿ ಮೂಗಿನ ಮೇಲಿಟ್ಟು ನೋಡಿ "ಇದು ನಡೆದೀತು" ಎಂದು ಕೊಳ್ಳುವುದೂ ನಾವು ಕಾಣದ ಸಂಗತಿಗಳಲ್ಲ.

ಅದೇ ಮನೆಯ ವಿದ್ಯಾರ್ಥಿಯು ಪ್ರಯೋಗಶಾಲೆಯಲ್ಲಿ ಪೀನಮಸೂರದ ಸಂಗಮದೂರವನ್ನು ಅಳೆದು, ಬರೆದು, ಅಂಕವನ್ನೂ ಪಡೆದಿರುತ್ತಾನೆ. ಆ ಪಾಠಕ್ಕೂ ಅಜ್ಜಿಯ ಮೂಗಿಗೂ ಸಂಬಂಧವಿದೆಯೆಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಇದು ಸರಿಯೆಂದು ನಮಗೆ ತೋರದು.

ಕನ್ನಡಕದ ನಂಬರೆಂದರೆ ಡಯಾಪ್ಟರ್. 1872ರಲ್ಲಿ ಫ್ರಾನ್ಸಿನ ನೇತ್ರವೈದ್ಯ ಮೊನೊಯೆ ಸೂಚಿಸಿದ ಮಾನವಿದು. ಒಂದನ್ನು ಮೀಟರಿನಲ್ಲಿರುವ ಸಂಗಮದೂರದಿಂದ ಭಾಗಿಸಿದರೆ ನಂಬರು ದೊರೆಯಿತು. ದೊಡ್ಡಬಸಪ್ಪನ ಗುಡಿ ಕಾಣುವ, ಆದರೆ ಅದರಿಂದ ಐವತ್ತು ಮೀಟರಾದರೂ ದೂರವಿರುವ ಕೋಣೆಯೊಂದನ್ನು ಕತ್ತಲು ಮಾಡಿ, ಗುಡಿಯ ಕಡೆಯ ಕಿಟಕಿಯೊಂದನ್ನೇ ತೆರೆದಿಡಿರಿ. ಅಜ್ಜಿಯ ಚಾಳೀಸನ್ನು ಕಿಟಕಿಗೆ ಹಿಡಿದು, ಹಿಂದೆ ಬಿಳಿಯ ಕಾಗದವನ್ನು ಸರಿಸುತ್ತ ಹೋದರೆ ಗುಡಿ ತಲೆಕೆಳಗಾಗಿ ಮೂಡುತ್ತದೆ. ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರದಂತೆ ಕಟ್ಟಿದ ಈ ಚಾಲುಕ್ಯ ಗುಡಿಯ ಕಲ್ಲಿನ ಅಂಚುಗಳು ಇಂಥ ಕೆಲಸಕ್ಕೆ ಹೇಳಿಮಾಡಿಸಿದಂತಿವೆ. ಅಂಚು ಹರಿತವಾದಲ್ಲಿ ದೂರವನ್ನು ಅಳೆಯಿರಿ. 50 ಸೆಂ.ಮೀ. ಬಂದರೆ ನಂಬರು +2. 40 ಬಂದರೆ +2.5. ಅಂಗಡಿಯವನ ಚೀಟಿಯಲ್ಲಿ +2.5 ಎಂದಿದ್ದು ಗುಡಿ 50 ಸೆಂ.ಮೀ.ಗೆ ಮೂಡಿದರೆ, ಚಾಳೀಸನ್ನು ಹಿಂದಕ್ಕೆ ಕೊಂಡೊಯ್ಯಲು ಅಜ್ಜಿಗೆ ನ್ಯಾಯವಾದ ಕಾರಣವಿದೆ. (ಮಸೂರದ ಮೂಲಕ ಸೂರ್ಯನನ್ನು ಎಂದಿಗೂ ನೋಡಕೂಡದು.)

ದೂರದೃಷ್ಟಿ ಮಂದವಾದ ತಮ್ಮನ ನಿಮ್ನಮಸೂರವು ಒಂಟಿಯಾಗಿ ಚಿತ್ರವನ್ನು ಮೂಡಿಸದು. ಅದನ್ನು +5ರ ಪೀನಮಸೂರಕ್ಕೆ ಒತ್ತಿ ಹಿಡಿಯಿರಿ. ಚಿತ್ರವು 33 ಸೆಂ.ಮೀ.ಗೆ ಮೂಡಿದರೆ ಜೋಡಿಯ ಶಕ್ತಿ +3, ಆದುದರಿಂದ ತಮ್ಮನದು -2.

ಆದರೆ ನಂಬರು ದೊಡ್ಡದಾದಂತೆ ಅಡಿಕೋಲು ಸೋಲುತ್ತದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು (1916–2005) ಊರೂರಿಗೆ ಹೋಗಿ ಶಿಬಿರಗಳಲ್ಲಿ ಕಣ್ಣಿನ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ, ಶಸ್ತ್ರಚಿಕಿತ್ಸೆಯಾದವರಿಗೆ +10ರ ಆಸುಪಾಸಿನ ದಪ್ಪ ಕನ್ನಡಕ ಬೇಕಾಗುತ್ತಿತ್ತು. +10ಕ್ಕೆ ಚಿತ್ರ 10 ಸೆಂ.ಮೀ.ಗೆ ಮೂಡಿದರೆ, +10.25ಕ್ಕೆ 9.76ಕ್ಕೆ. ವ್ಯತ್ಯಾಸ ಎರಡೂವರೆ ಮಿಲಿಮೀಟರೂ ಇಲ್ಲ. ಗಾಜಿನ ದಪ್ಪವೇ ಅದಕ್ಕಿಂತ ಹೆಚ್ಚು. ಇಲ್ಲಿ ಲೆನ್ಸೋಮೀಟರೇ ಬೇಕು. ಅದರಲ್ಲಿ ಗಾಜಿನ ಹಿಂಬದಿಯನ್ನು ನಿಗದಿಯಾದ ಸ್ಥಾನದಲ್ಲಿ ಒತ್ತಿಟ್ಟು, ಬೆಳಕಿನ ಗುರುತೊಂದನ್ನು ಸರಿಸುತ್ತ, ಅದು ದುರ್ಬೀನಿನಲ್ಲಿ ಸ್ಫುಟವಾದಲ್ಲಿ ನಂಬರನ್ನು ಓದುತ್ತಾರೆ.

ಶಕ್ತಿಯ ಲೆಕ್ಕ ತಪ್ಪಿದರೆ ಏನಾದೀತೆಂಬುದಕ್ಕೆ ಹೆಸರಾದ ನಿದರ್ಶನವೊಂದಿದೆ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲೆಯವರು ಕಣ್ಣಿನೊಳಗೆ ಪ್ಲಾಸ್ಟಿಕ್ ಮಸೂರವನ್ನಿಟ್ಟ ಮೊದಲನೆಯ ರೋಗಿಗೆ ಭಾರಿ ಸಮೀಪದೃಷ್ಟಿ ಉಂಟಾಯಿತು. ಮಸೂರದ ಬಾಗು ಸಹಜ ಮಸೂರವನ್ನೇ ಹೋಲುತ್ತಿತ್ತು. ಪ್ಲಾಸ್ಟಿಕ್ಕು ಬೆಳಕನ್ನು ಅದಕ್ಕಿಂತ ಹೆಚ್ಚಾಗಿ ಮುರಿಯಿತು. ಇಂದು ಶಸ್ತ್ರಚಿಕಿತ್ಸೆಗೆ ಮೊದಲೇ ಕಣ್ಣಿನ ಉದ್ದವನ್ನು ಬೆಳಕಿನಿಂದ ಅಳೆಯುತ್ತಾರೆ. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಎರಡೂವರೆ ಡಯಾಪ್ಟರಿಗೂ ಹೆಚ್ಚು ದೋಷ ಉಳಿದೀತು.

ಗುಂಡಿಯೊತ್ತಿದರೆ ನಂಬರನ್ನು ಮುದ್ರಿಸಿಕೊಡುವ ಯಂತ್ರಗಳಿರುವಾಗ ಈ ಕತ್ತಲಕೋಣೆಯ ಸಾಹಸವೇಕೆಂದು ಕೆಲವರು ಕೇಳಬಹುದು. ಯಂತ್ರವಿರುವುದು ಗದಗಿನಲ್ಲಿ, ಅಜ್ಜಿ ಇರುವುದು ಡಂಬಳದಲ್ಲಿ. ಪ್ರತಿ ಪ್ರೌಢಶಾಲೆಯೂ ವರ್ಷಕ್ಕೊಂದು ದಿನ ಊರಿನ ಚಾಳೀಸುಗಳನ್ನು ತರಿಸಿ, ವಿದ್ಯಾರ್ಥಿಗಳಿಂದಲೇ ಅಳೆಯಿಸಿ, ನಂಬರನ್ನು ಚೀಟಿಯಲ್ಲಿ ಬರೆದು ಕೊಡಬೇಕೆಂಬುದು ನಮ್ಮ ಸಲಹೆ. ಅಳೆದದ್ದು ಚಾಳೀಸನ್ನೇ ಹೊರತು ಕಣ್ಣನ್ನಲ್ಲವೆಂದೂ ಅದೇ ಚೀಟಿಯಲ್ಲಿ ಬರೆಯಬೇಕು. ಕಣ್ಣನ್ನು ನೋಡುವ ಕೆಲಸ ವೈದ್ಯರದು. ಗುಡಿಯ ಕಂಬಗಳು ಒಂದು ದೂರದಲ್ಲಿಯೂ ಅಡ್ಡಗೆರೆಗಳು ಇನ್ನೊಂದು ದೂರದಲ್ಲಿಯೂ ಸ್ಫುಟವಾಗುವ ಚಾಳೀಸು ಸಿಕ್ಕಿದರೆ ಗಾಬರಿಪಡಬೇಕಾಗಿಲ್ಲ. ಅದಕ್ಕೆ ಎರಡು ನಂಬರುಗಳಿವೆ; ಎರಡನ್ನೂ ಬರೆದುಕೊಳ್ಳಿರಿ.