ಕೋತಿಯ ಕೈ ಮತ್ತು ಇನ್ನೂರು ಪೌಂಡು

ಹಣ ತೆತ್ತು ಹೆದರಿಕೆಯನ್ನು ಕೊಂಡುಕೊಳ್ಳುವ ಪ್ರಾಣಿ ಮನುಷ್ಯನೊಬ್ಬನೇ. ಭರತಮುನಿ ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದಾಗಿರುವುದು ಅಕಾರಣವಲ್ಲ. ಇಂಗ್ಲೆಂಡಿನಲ್ಲಿ ಈ ರಸವನ್ನೇ ನೆಚ್ಚಿದ ಗದ್ಯಕಥೆಯ ಪರಂಪರೆ ಹೊರೇಸ್ ವಾಲ್‌ಪೋಲನ ‘ದಿ ಕ್ಯಾಸಲ್ ಆಫ್ ಒಟ್ರಾಂಟೋ’ ಕಾದಂಬರಿಯೊಡನೆ 1764ರಲ್ಲಿ ಮೊದಲಾಯಿತು. ಹಳೆಯ ಕೋಟೆ, ನೆಲಮಾಳಿಗೆಯ ಕತ್ತಲೆ, ವಂಶಕ್ಕೆ ತಗುಲಿದ ಶಾಪ ಇವು ಅದರ ಸಾಮಗ್ರಿ. ಅಮೆರಿಕದ ಎಡ್ಗರ್ ಆಲನ್ ಪೋ 1843ರಲ್ಲಿ ‘ದಿ ಟೆಲ್-ಟೇಲ್ ಹಾರ್ಟ್’ ಬರೆದು, ಆ ಭೀತಿಯನ್ನು ಕೊಲೆಗಾರನ ಎದೆಯೊಳಕ್ಕೇ ತಂದನು. ಅದನ್ನು ಸಾಧಾರಣ ಸಂಸಾರಸ್ಥನ ಮನೆಯ ಬೆಂಕಿಗೂಡಿನ ಮುಂದೆ ಕೂರಿಸಿದ ಕಥೆಗಳಲ್ಲಿ ಒಂದು ಇಂದಿಗೂ ಮಾಸಿಲ್ಲ. ಅದೇ 1902ರಲ್ಲಿ ಪ್ರಕಟವಾದ ‘ದಿ ಮಂಕೀಸ್ ಪಾ’, ಎಂದರೆ ‘ಕೋತಿಯ ಕೈ’.

ಇದನ್ನು ಬರೆದ ಡಬ್ಲ್ಯು. ಡಬ್ಲ್ಯು. ಜೇಕಬ್ಸ್ (1863–1943) ಹೆಸರು ಪಡೆದುದು ಹಾಸ್ಯಗಾರನೆಂದು! ಲಂಡನ್ನಿನ ವಾಪಿಂಗ್‌ನಲ್ಲಿ ಅವನ ತಂದೆ ಹಡಗುಕಟ್ಟೆಯೊಂದರ ಮೇಲ್ವಿಚಾರಕ. ಬಾಲ್ಯದಲ್ಲಿ ಕಂಡ ನಾವಿಕರ ಜಗಳ, ಜಂಬ, ಪೇಚಾಟಗಳೇ ಮುಂದೆ ಅವನ ನಗೆಗಥೆಗಳಿಗೆ ಬಂಡವಾಳವಾದುವು. ಅಂಚೆ ಇಲಾಖೆಯ ಉಳಿತಾಯ ಬ್ಯಾಂಕಿನಲ್ಲಿ ಬಹುಕಾಲ ಗುಮಾಸ್ತನಾಗಿದ್ದು, ಲೇಖನಿ ಅನ್ನ ಕೊಡುವುದೆಂಬ ಧೈರ್ಯ ಬಂದ ಮೇಲೆ 1899ರಲ್ಲಿ ಕೆಲಸ ಬಿಟ್ಟನು. ಸಣ್ಣ ವರಮಾನದ ಮನೆಗಳ ಆಸೆ ಎಷ್ಟು ದೂರ ಹೋಗುತ್ತದೆಂಬುದನ್ನು ಬಲ್ಲ ಕೈ ಅದು.

ಕಥೆ ತೊಡಗುವುದು ಒಂದು ಮಳೆಯ ರಾತ್ರಿ. ತಂದೆ ಮಗ ಚದುರಂಗವಾಡುತ್ತಿದ್ದಾರೆ. ತಾಯಿ ಬೆಂಕಿಯ ಪಕ್ಕದಲ್ಲಿ ಹೆಣಿಗೆ ಹಿಡಿದಿದ್ದಾಳೆ. ಇಪ್ಪತ್ತೊಂದು ವರ್ಷ ಭಾರತದಲ್ಲಿ ಸೈನಿಕನಾಗಿದ್ದ ಸ್ನೇಹಿತನೊಬ್ಬ ಬಂದು, ಒಣಗಿದ ಕೋತಿಯ ಕೈಯೊಂದನ್ನು ತೋರಿಸುತ್ತಾನೆ. ಫಕೀರನೊಬ್ಬ ಮಂತ್ರಿಸಿದ ಆ ಕೈ ಮೂವರಿಗೆ ಮೂರು ಮೂರು ವರಗಳನ್ನು ಕೊಡಬಲ್ಲದಂತೆ. ವಿಧಿಯ ಕೆಲಸದಲ್ಲಿ ಕೈಹಾಕಿದವನಿಗೆ ದುಃಖ ತಪ್ಪದೆಂದು ತೋರಿಸುವುದೇ ಫಕೀರನ ಉದ್ದೇಶವಂತೆ. ಅದರ ಮೊದಲ ಒಡೆಯ ಮೂರನೆಯ ವರವಾಗಿ ಬೇಡಿದುದು ಮರಣವನ್ನು! ಸ್ನೇಹಿತ ಅದನ್ನು ಬೆಂಕಿಗೆ ಎಸೆಯುತ್ತಾನೆ. ಮನೆಯ ಯಜಮಾನ ಎತ್ತಿಕೊಳ್ಳುತ್ತಾನೆ.

ಇದು ದುರಾಸೆಗೆ ದಂಡ ವಿಧಿಸುವ ನೀತಿಕಥೆಯೆಂದು ಹೇಳುವವರುಂಟು. ಆದರೆ ಆ ಮುದುಕ ರಾಜ್ಯವನ್ನು ಬೇಡಲಿಲ್ಲ, ನಿಧಿಯನ್ನು ಬೇಡಲಿಲ್ಲ. ಬೇಕಾದುದೆಲ್ಲ ತನಗಿದೆಯೆಂದೇ ಅವನಿಗೆ ತೋರಿತ್ತು. ಮನೆಯ ಸಾಲ ತೀರಲೆಂದು ಮಗ ತಮಾಷೆಗೆ ಸೂಚಿಸಿದುದು ಇನ್ನೂರು ಪೌಂಡು. ಮರುದಿನ ಹಣ ಬಂದಿತು. ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತ ಅದೇ ಮಗನಿಗಾಗಿ ಕಂಪೆನಿ ಕೊಟ್ಟ ಪರಿಹಾರ! ತಪ್ಪು ಇಷ್ಟು ಕಿರಿದು, ದಂಡ ಅಷ್ಟು ಹಿರಿದು. ಓದುಗನನ್ನು ನಡುಗಿಸುವುದು ಈ ಅನ್ಯಾಯವೇ ಹೊರತು ಕೋತಿಯ ಕೈಯಲ್ಲ.

ವಾರ ಕಳೆದ ಮೇಲೆ ಒಂದು ನಡುರಾತ್ರಿ, ತಾಯಿಗೆ ಉಳಿದೆರಡು ವರಗಳ ನೆನಪಾಗುತ್ತದೆ. ಮಗ ಬದುಕಿ ಬರಲೆಂದು ಗಂಡನಿಂದ ಬೇಡಿಸುತ್ತಾಳೆ. ಸ್ಮಶಾನ ಎರಡು ಮೈಲಿ ದೂರ, ಕಾಯಬೇಕು. ಆಮೇಲೆ ಬಾಗಿಲು ತಟ್ಟಿದ ಸದ್ದು. ತಾಯಿ ಓಡಿದುದು ಬಾಗಿಲಿಗೆ. ಯಂತ್ರದ ಬಾಯಿಗೆ ಸಿಕ್ಕಿದ ದೇಹವನ್ನು ಕಂಡಿದ್ದ ತಂದೆ ತಡಕಾಡಿದುದು ಕೋತಿಯ ಕೈಗೆ. ಮೇಲಿನ ಅಗುಳಿ ಅವಳಿಗೆ ಎಟುಕದು. ಕುರ್ಚಿ ಎಳೆದ ಸದ್ದು. ಅಗುಳಿ ಸರಿಯುವಷ್ಟರಲ್ಲಿ ಅವನು ಮೂರನೆಯ ವರವನ್ನು ಬೇಡಿಬಿಡುತ್ತಾನೆ. ಬಾಗಿಲು ತೆರೆದಾಗ ಒಳನುಗ್ಗಿದುದು ತಣ್ಣನೆಯ ಗಾಳಿ. ಎದುರಿಗೆ ಬೀದಿದೀಪದಡಿ ಬರಿದಾದ ದಾರಿ.

ಆ ಮೂರನೆಯ ಬೇಡಿಕೆಯ ಮಾತೇನೆಂದು ಜೇಕಬ್ಸ್ ಬರೆಯಲಿಲ್ಲ. ಬಾಗಿಲಾಚೆ ನಿಂತವರಾರೆಂದು ತೋರಿಸಲೂ ಇಲ್ಲ. ಮಗನ ಸಾವು ಆಕಸ್ಮಿಕ, ಹಣ ಬಂದುದು ಕಾಕತಾಳೀಯ ಎಂದು ವಾದಿಸಲು ಸಹ ಎಡೆಯಿಟ್ಟಿದ್ದಾನೆ. ಪ್ರೇತವನ್ನು ಕಣ್ಣಿಗೆ ತಂದಿದ್ದರೆ ಭಯ ಅಲ್ಲಿಗೇ ಮುಗಿಯುತ್ತಿತ್ತು. ತಂದೆಯನ್ನು ಪ್ರೇರಿಸಿದುದು ಹೆದರಿಕೆಯೋ, ಮಡದಿಯ ಮೇಲಣ ಕರುಣೆಯೋ? ಇದನ್ನು ಕೇಳಿಕೊಂಡ ಕ್ಷಣದಲ್ಲಿ ಭಯಾನಕದ ಕೆಳಗೆ ಹರಿಯುವ ಕರುಣರಸ ಕಾಣಿಸುತ್ತದೆ. ಮಗ ಬೇಕೆಂದವಳೂ ಅವನು ಹಾಗೆ ಬರುವುದು ಬೇಡವೆಂದವನೂ, ಇಬ್ಬರೂ ಅವನನ್ನು ಪ್ರೀತಿಸಿದವರೇ.